ಆರಿಸಿದರೂ ಆರದ ದೀಪ

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ‘ದೀಪ ಆರಿಸು’ ಎಂದು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಆರುವುದು ಎಂಬ ಮಾತಿನಲ್ಲಿ ಅಮಂಗಳದ ನೆರಳಿದೆಯೆಂದು ಹಿರಿಯರು ‘ದೀಪ ಶಾಂತ ಮಾಡು’ ಎನ್ನುತ್ತಿದ್ದರು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ದೊಡ್ಡದು ಮಾಡು’ ಎನ್ನುತ್ತಿದ್ದರು. ದೀಪವನ್ನು ಬಾಯಿಂದ ಊದಿ ನಂದಿಸುವುದು ಮಹಾಪರಾಧವೆನಿಸಿತ್ತು. ಹೊತ್ತಿಸುವುದಕ್ಕೆ ಎಷ್ಟು ಮರ್ಯಾದೆಯೋ ಆರಿಸುವುದಕ್ಕೂ ಅಷ್ಟೇ ಮರ್ಯಾದೆ.

ವಿದ್ಯುದ್ದೀಪ ಬಂದ ಮೇಲೆ ಈ ಉಪಚಾರಗಳೆಲ್ಲ ತಪ್ಪಿದವು. ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಯ ದೀಪಗಳನ್ನು ಬೆಳಗಿಸಿತು. ಬೀದಿಯಿಂದ ಹಜಾರಕ್ಕೆ, ಹಜಾರದಿಂದ ನಡುಮನೆಗೆ, ಕೊನೆಗೆ ಬಚ್ಚಲಿಗೂ ಅದು ನಡೆದು ಬಂದಿತು. ಗೋಡೆಯ ಮೇಲಿನ ಕರಿಯ ಗುಂಡಿಯನ್ನು ಕೆಳಗೆ ಒತ್ತಿದರೆ ಬೆಳಕು, ಮೇಲೆತ್ತಿದರೆ ಕತ್ತಲೆ. ಹೇಳಿದ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸುವ ಸೇವಕ ಮನೆಯಲ್ಲಿ ಮತ್ತೊಬ್ಬನಿರಲಿಲ್ಲ. ಹಾಗೆಂದೇ ಮೂರು ತಲೆಮಾರಿನ ಗೃಹಸ್ಥರು ಸ್ವಿಚ್ಚನ್ನು ಪ್ರಶ್ನೆ ಕೇಳದೆ ನಂಬಿದರು.

ಆ ನಂಬಿಕೆ ಅಲುಗಾಡಿದ್ದು ಇತ್ತೀಚೆಗೆ, ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದ ಮೇಲೆ. ಕೆಂಪು ಬೆಳಕು ಬೀರುವ ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಎಂಬ ಅಮೆರಿಕದ ವಿಜ್ಞಾನಿ ತೋರಿಸಿದ್ದು 1962ರಲ್ಲಿ. ಅದು ಬಹುಕಾಲ ರೇಡಿಯೋ, ಗಡಿಯಾರಗಳ ಮೇಲಿನ ಚುಕ್ಕೆಯಾಗಿಯೇ ಉಳಿದಿತ್ತು. ನೀಲಿ ಎಲ್‌ಇಡಿ ಸಿದ್ಧಿಸಿದ ಮೇಲೆ, ಅದರ ಮುಂದೆ ಹಳದಿ ಬೆಳಕು ಕೊಡುವ ಪುಡಿಯನ್ನು ಲೇಪಿಸಿ ಬಿಳಿಯ ಬೆಳಕನ್ನು ಪಡೆಯುವುದು ಸಾಧ್ಯವಾಯಿತು. ಆ ನೀಲಿ ಬೆಳಕನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಮರು ವರ್ಷವೇ ಭಾರತ ಸರ್ಕಾರದ ಉಜಾಲಾ ಯೋಜನೆಯಿಂದ ಅಗ್ಗದ ಬಲ್ಬುಗಳು ಜನರ ಕೈಸೇರಿದವು. 60 ವ್ಯಾಟಿನ ಹಳೆಯ ಬಲ್ಬು ಮಾಡುತ್ತಿದ್ದ ಕೆಲಸವನ್ನು 9 ವ್ಯಾಟಿನ ಹೊಸತು ಮಾಡಿತು. ಗೃಹಿಣಿಯರು ವಿದ್ಯುತ್ತಿನ ಬಿಲ್ಲನ್ನು ನೋಡಿ ಸಂತೋಷಪಟ್ಟರು. ಆದರೆ ಕೆಲವು ಮನೆಗಳಲ್ಲಿ ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಸೂರಿನ ಕೆಳಗೆ ಏನೋ ಮಿಣುಕತೊಡಗಿತು. ಸ್ವಿಚ್ಚು ಆರಿದೆ, ದೀಪ ಮಾತ್ರ ಪೂರ್ತಿ ಆರಿಲ್ಲ.

ಇಂಥ ದೀಪವನ್ನು ಕಂಡವರು ಹೇಳುವ ಕಾರಣಗಳು ಅವರವರ ಸ್ವಭಾವಕ್ಕೆ ತಕ್ಕಂತೆ ಇರುತ್ತವೆ. ದೈವಭೀರುಗಳು ಮನೆಯಲ್ಲಿ ಶಾಂತಿ ಮಾಡಿಸಬೇಕೆನ್ನುತ್ತಾರೆ. ಲೆಕ್ಕಾಚಾರದವರು ರಾತ್ರಿಯಿಡೀ ಮೀಟರು ಓಡುತ್ತಿದೆಯೆಂದು ಕಳವಳಪಡುತ್ತಾರೆ. ವ್ಯವಹಾರಸ್ಥರು ಬಲ್ಬೇ ಖೋಟಾ ಮಾಲೆಂದು ತೀರ್ಮಾನಿಸಿ ಅಂಗಡಿಗೆ ಹೋಗಿ ಜಗಳವಾಡುತ್ತಾರೆ. ಉಳಿದವರು ಮುಸುಕು ಹೊದ್ದು ಮಲಗುತ್ತಾರೆ. ಇವರಲ್ಲಿ ಎಲ್ಲರಿಗಿಂತ ಹೆಚ್ಚು ತಪ್ಪು ಮಾಡುವವರು ಈ ಕಡೆಯವರೇ ಎಂಬುದು ಬೆಂಗಳೂರಿನ ಬಸವನಗುಡಿಯ ಒಂದು ಹಳೆಯ ಮನೆಯಲ್ಲಿ ನಡೆದ ಸಂಗತಿಯಿಂದ ತಿಳಿಯುತ್ತದೆ.

ಆ ಮನೆಯ ಹಿರಿಯಾಕೆಗೆ ಎಪ್ಪತ್ತೆಂಟು ವರ್ಷ. ಎರಡು ಕಣ್ಣಿಗೂ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಹಿತ್ತಿಲ ಕಡೆಯ ಕೋಣೆಯಲ್ಲಿ ಮೊಮ್ಮಗಳೊಡನೆ ಮಲಗುವರು. ಮೊಮ್ಮಗಳಿಗೆ ತಲೆ ದಿಂಬಿಗೆ ತಾಗಿದೊಡನೆ ನಿದ್ರೆ. ಅಜ್ಜಿಗೆ ಎರಡು ಗಂಟೆಯ ಮೇಲೆ ಎಚ್ಚರವೇ ಹೆಚ್ಚು. ಕೋಣೆಯ ಹಳೆಯ ಬಲ್ಬನ್ನು ತೆಗೆದು ಹೊಸದನ್ನು ಹಾಕಿದ ಕೆಲವು ದಿನಗಳಲ್ಲಿಯೇ ಅವರು ಬೆಳಗಿನ ಕಾಫಿಯ ಹೊತ್ತಿನಲ್ಲಿ ಮಗನಿಗೆ ಹೇಳಿದರು:

“ರಾತ್ರಿ ಕಣ್ಣಿಗೆ ಏನೋ ಮಿಂಚಿದ ಹಾಗಾಗುತ್ತೆ ಕಣಪ್ಪ. ಮಿಂಚುತ್ತೆ, ಹೋಗುತ್ತೆ, ಮತ್ತೆ ಮಿಂಚುತ್ತೆ.”

“ಕನಸು ಕಂಡಿರಬೇಕಮ್ಮ.”

“ಕನಸು ಕಾಣೋದಕ್ಕೆ ನಿದ್ರೆ ಬರಬೇಕಲ್ಲ!”

ಮಗ ನಕ್ಕು ಆಫೀಸಿಗೆ ಹೊರಟರು. ಸೊಸೆ ಅಷ್ಟು ಸುಲಭವಾಗಿ ನಗಲಿಲ್ಲ. ಕಣ್ಣಿನಲ್ಲಿ ಮಿಂಚು ಕಾಣಿಸಿಕೊಳ್ಳುವುದು ಒಮ್ಮೊಮ್ಮೆ ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ಅಪಾಯ ಒದಗಿದುದರ ಮುನ್ಸೂಚನೆಯಾಗಿರಬಹುದು. ಹಾಗಾದಾಗ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಈ ವಿಷಯವನ್ನು ಅವರು ಎಲ್ಲಿಯೋ ಓದಿದ್ದರು. ಅತ್ತೆಗೆ ಅದನ್ನು ಹೇಳಿ ಹೆದರಿಸದೆ, ಆ ಮಧ್ಯಾಹ್ನವೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು.

ಆದರೆ ಅತ್ತೆಗೂ ಆ ಹೆದರಿಕೆ ಮೊದಲೇ ಇತ್ತು. ಅವರ ಅಣ್ಣ ಕೊನೆಯ ಆರು ವರ್ಷಗಳನ್ನು ಕತ್ತಲಲ್ಲಿ ಕಳೆದಿದ್ದರು. ಆಟೋದಲ್ಲಿ ಕುಳಿತು ಹೋಗುವಾಗ ಅವರು ಒಂದು ಮಾತನ್ನೂ ಆಡಲಿಲ್ಲ. ಸೊಸೆಯ ಕೈಯನ್ನು ಹಿಡಿದುಕೊಂಡೇ ಇದ್ದರು.

ವೈದ್ಯರು ಕಣ್ಣಿಗೆ ಹನಿ ಹಾಕಿ, ಪಾಪೆ ಅರಳುವ ತನಕ ಕೂರಿಸಿ, ಪಟಲವನ್ನು ಮೂಲೆಮೂಲೆಯೂ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿತ್ತು. ಆಮೇಲೆ ಅವರು ಕೇಳಿದರು: “ಕಣ್ಣು ಮುಚ್ಚಿಕೊಂಡಾಗಲೂ ಮಿಂಚು ಕಾಣುತ್ತದೆಯೇ, ಅಮ್ಮ?”

ಅಜ್ಜಿ ಸ್ವಲ್ಪ ಯೋಚಿಸಿ, “ಇಲ್ಲ, ಡಾಕ್ಟ್ರೆ. ಕಣ್ಣು ಬಿಟ್ಟಿದ್ದಾಗ ಮಾತ್ರ. ಅದೂ ನನ್ನ ಕೋಣೆಯಲ್ಲಿ ಮಾತ್ರ,” ಎಂದರು.

“ಪಟಲದ ಮಿಂಚಾದರೆ ಕಣ್ಣು ಮುಚ್ಚಿದರೂ ಬಿಡದು, ಕೋಣೆ ಬದಲಾಯಿಸಿದರೂ ಬಿಡದು. ನಿಮ್ಮ ಮಿಂಚು ಕಣ್ಣಿನ ಒಳಗಿಲ್ಲ, ಹೊರಗಿದೆ. ಮನೆಯಲ್ಲಿ ಹುಡುಕಿಸಿ.”

ಅಂದು ರಾತ್ರಿ ಮೊಮ್ಮಗಳು ಪಣತೊಟ್ಟು ಎಚ್ಚರವಾಗಿ ಕುಳಿತಳು. ಬೀದಿಯ ಬೆಳಕು ಬಾರದಂತೆ ಕಿಟಕಿ ಮುಚ್ಚಿ, ಕಣ್ಣು ಕತ್ತಲಿಗೆ ಒಗ್ಗುವ ತನಕ ಕಾದು, ಎಣಿಸತೊಡಗಿದಳು. ಒಂಬತ್ತು ಎಣಿಸುವಷ್ಟರಲ್ಲಿ ಸೂರಿನ ಬಲ್ಬು ಒಮ್ಮೆ ಮಿಣಕ್ಕೆಂದಿತು. ಮತ್ತೆ ಒಂಬತ್ತು, ಮತ್ತೆ ಮಿಣುಕು. “ಅಜ್ಜೀ, ನಾನೂ ನೋಡಿದೆ!” ಎಂದು ಅವಳು ಕೂಗಿದ ಕೂಗಿಗೆ ಮನೆಯವರೆಲ್ಲ ಎದ್ದರು. ಎಲ್ಲರೂ ಕತ್ತಲಲ್ಲಿ ಸಾಲಾಗಿ ನಿಂತು ತಲೆಯೆತ್ತಿ ನೋಡಿದರು. ಅಜ್ಜಿ ಮಾತ್ರ ನೋಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ವಾರದಿಂದ ಹೊತ್ತಿದ್ದ ಭಾರ ಇಳಿದಿತ್ತು.

ಕಥೆ ಇಲ್ಲಿಗೇ ಮುಗಿಯುವುದರಲ್ಲಿತ್ತು. ಕಣ್ಣು ನೆಟ್ಟಗಿದೆಯೆಂದು ತಿಳಿದ ಮೇಲೆ ಬಲ್ಬಿನ ಚಿಂತೆ ಯಾರಿಗೆ? ಮಗ ಮರುದಿನ ಬೇರೆ ಕಂಪನಿಯ ಬಲ್ಬೊಂದನ್ನು ತಂದು ಹಾಕಿದರು. ಅದು ಮಿಣುಕಲಿಲ್ಲ, ಬದಲಿಗೆ ರಾತ್ರಿಯೆಲ್ಲ ಮಿಂಚುಹುಳುವಿನಂತೆ ಮಂದವಾಗಿ ಉರಿಯುತ್ತಿತ್ತು. ತೆಗೆದ ಬಲ್ಬನ್ನು ಹಜಾರಕ್ಕೆ ಹಾಕಿದರೆ ಅಲ್ಲಿ ಅದು ಬಹು ಸಭ್ಯವಾಗಿ ಆರಿತು. ಅಂದಮೇಲೆ ದೋಷ ಬಲ್ಬಿನದಲ್ಲ, ಆ ಕೋಣೆಯದು. “ಇರಲಿ ಬಿಡು, ಅಜ್ಜಿಗೆ ರಾತ್ರಿ ದೀಪವಾಯಿತು,” ಎಂದು ಮಗ ಹೇಳಿದರು. ಅಜ್ಜಿ ಒಪ್ಪಲಿಲ್ಲ. “ಆರಿಸಿದ್ದು ಆರಬೇಕಪ್ಪ. ಆರದಿದ್ದರೆ ಅದಕ್ಕೆ ಏನೋ ಕಾರಣ ಇದೆ,” ಎಂದರು. ಅವರ ಹಟಕ್ಕೆ ಮಣಿದು ಮನೆಯವರು ವಯಸ್ಸಾದ, ಅನುಭವಸ್ಥರಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು.

ಅವರು ಬಂದವರೇ ಏಣಿ ಹತ್ತಲಿಲ್ಲ. ಮೊದಲು ಸ್ವಿಚ್ ಬೋರ್ಡಿನ ಮುಂದೆ ನಿಂತರು. ಸ್ವಿಚ್ಚಿನೊಳಗೆ, ಕತ್ತಲಲ್ಲಿ ಗುರುತು ಸಿಗಲೆಂದು ಉರಿಯುವ ಪುಟ್ಟ ನಿಯಾನ್ ದೀಪವಿದೆಯೇ ಎಂದು ನೋಡಿದರು. ಏಕೆಂದರೆ ಈ ತೊಂದರೆಗೆ ಅದು ಅತಿ ಸಾಮಾನ್ಯವಾದ ಕಾರಣ. ಸ್ವಿಚ್ಚು ಆರಿದಾಗ ಆ ಪುಟ್ಟ ದೀಪಕ್ಕೆ ಬೇಕಾದ ಕರೆಂಟು ಬಲ್ಬಿನ ಮೂಲಕವೇ ಹಾದು ಹೋಗಬೇಕು. ಆ ಚಿಟಿಕೆಯಷ್ಟು ಕರೆಂಟೇ ಎಲ್‌ಇಡಿಯನ್ನು ಎಬ್ಬಿಸುತ್ತದೆ. ರಿಮೋಟಿನಿಂದಲೋ ಬೆರಳ ಸ್ಪರ್ಶದಿಂದಲೋ ನಡೆಯುವ ಹೊಸ ಬಗೆಯ ಸ್ವಿಚ್ಚುಗಳಲ್ಲಿ, ನ್ಯೂಟ್ರಲ್ ತಂತಿಯ ಸಂಪರ್ಕವಿಲ್ಲದವುಗಳೂ ಹೀಗೆಯೇ ಬಲ್ಬಿನ ಮೂಲಕ ತಮ್ಮ ಹೊಟ್ಟೆ ಹೊರೆಯುತ್ತವೆ. ಈ ಮನೆಯ ಸ್ವಿಚ್ಚು ಹಳೆಯ ಕಾಲದ್ದು. ಅಂಥ ಅಲಂಕಾರ ಯಾವುದೂ ಇರಲಿಲ್ಲ.

“ಕರೆಂಟು ಇಷ್ಟು ಸ್ವಲ್ಪವಾದರೆ ಬಲ್ಬು ಹೇಗೆ ಉರಿಯುತ್ತದೆ?” ಎಂದು ಮೊಮ್ಮಗಳು ಕೇಳಿದಳು.

“ಸೂರು ಸೋರುವಾಗ ಕೆಳಗೆ ಚೊಂಬು ಇಡುತ್ತಾರಲ್ಲ ಮಗೂ, ಹಾಗೆ,” ಎಂದು ಅವರು ವಿವರಿಸಿದರು.

ಅವರ ಉಪಮಾನ ಸಮರ್ಪಕವಾದುದು. ಎಲ್‌ಇಡಿ ಬಲ್ಬಿನ ಕೊರಳಿನಲ್ಲಿ ವಿದ್ಯುತ್ತನ್ನು ಹದಗೊಳಿಸುವ ಒಂದು ಸಣ್ಣ ಮಂಡಲವಿದೆ. ಅದರಲ್ಲಿ ವಿದ್ಯುತ್ತನ್ನು ಕೂಡಿಡುವ ಕೆಪ್ಯಾಸಿಟರ್ ಎಂಬ ಪಾತ್ರೆಯಿದೆ. ಎಲ್ಲಿಂದಲೋ ತೊಟ್ಟಿಕ್ಕುವ ಕರೆಂಟು ಆ ಪಾತ್ರೆಯಲ್ಲಿ ಕೂಡುತ್ತಾ ಬರುತ್ತದೆ. ಸಾಕಷ್ಟು ತುಂಬಿದೊಡನೆ ಮಂಡಲ ಎಚ್ಚತ್ತು ಬಲ್ಬನ್ನು ಹೊತ್ತಿಸುತ್ತದೆ. ಕೂಡಿಟ್ಟದ್ದು ಒಂದೇ ಕ್ಷಣದಲ್ಲಿ ಬರಿದಾಗುತ್ತದೆ. ಮತ್ತೆ ತೊಟ್ಟಿಕ್ಕಲು ಮೊದಲು. ಆದುದರಿಂದಲೇ ಮಿಣುಕಿಗೂ ಮಿಣುಕಿಗೂ ನಡುವೆ ಲೆಕ್ಕವಿಟ್ಟಂತೆ ಅಷ್ಟೇ ಹೊತ್ತು. ಸರಳವಾದ ಮಂಡಲವುಳ್ಳ ಕೆಲವು ಬಲ್ಬುಗಳಲ್ಲಿ ಹೀಗೆ ಕೂಡಿ ಚೆಲ್ಲುವ ಏರ್ಪಾಡಿಲ್ಲ. ಬಂದದ್ದನ್ನು ಬಂದಂತೆ ಉರಿಸುತ್ತವೆ. ಅವು ಮಿಣುಕದೆ ಮಂದವಾಗಿ ಬೆಳಗುತ್ತವೆ.

ಹಳೆಯ ತಂತಿಯ ಬಲ್ಬು ಬೇರೆಯೇ ಜಾತಿ. 60 ವ್ಯಾಟಿನ ಬಲ್ಬು ಬೆಳಗಬೇಕಾದರೆ ಸುಮಾರು 260 ಮಿಲಿಆಂಪಿಯರ್ ಕರೆಂಟು ಬೇಕು. ಸೋರಿ ಬರುವುದು ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗೂ ಕಡಿಮೆ. ಅಷ್ಟರಿಂದ ಅದರ ತಂತಿ ಬೆಚ್ಚಗೂ ಆಗದು. ಮರಳಿಗೆ ಬಿದ್ದ ಹನಿಯಂತೆ ಸೋರಿದ್ದೆಲ್ಲ ಅದರಲ್ಲಿ ಸದ್ದಿಲ್ಲದೆ ಇಂಗಿಹೋಗುತ್ತಿತ್ತು. ಮನೆಯ ತಂತಿಗಳಲ್ಲಿ ದೋಷ ಆಗಲೂ ಇತ್ತು. ಚಾಡಿ ಹೇಳುವವರಿರಲಿಲ್ಲ, ಅಷ್ಟೆ.

ಇಷ್ಟು ಹೇಳಿ ಅವರು ಚೀಲದಿಂದ ಎರಡು ಸಲಕರಣೆಗಳನ್ನು ತೆಗೆದರು. ಒಂದು, ಎಲ್ಲರ ಮನೆಯಲ್ಲಿಯೂ ಇರುವ ಟೆಸ್ಟರು. ಇನ್ನೊಂದು, ಹೋಲ್ಡರಿಗೆ ಸಿಕ್ಕಿಸಿದ ಹಳೆಯ 60 ವ್ಯಾಟಿನ ಬಲ್ಬು. ಅದರಿಂದ ಎರಡು ಉದ್ದನೆಯ ತಂತಿಗಳು ಹೊರಟಿದ್ದವು. “ಟೆಸ್ಟರು ಸುಳಿವು ಕೊಡುತ್ತೆ, ಸಾಕ್ಷಿ ಹೇಳೋದು ಈ ಬಲ್ಬು,” ಎಂಬುದು ಅವರ ಸಿದ್ಧಾಂತ. ಅದಕ್ಕೆ ಕಾರಣವುಂಟು. ಒಂದೇ ಕೊಳವೆಯೊಳಗೆ ಜೀವಂತವಾದ ತಂತಿಯ ಪಕ್ಕದಲ್ಲಿ ಬರಿಯ ತಂತಿಯೊಂದು ಬಹುದೂರ ಮಲಗಿದ್ದರೆ, ಮುಟ್ಟದೆಯೇ ಅದರಲ್ಲಿ ಸ್ವಲ್ಪ ವಿದ್ಯುತ್ತಿನ ಸುಳಿವು ಹುಟ್ಟುತ್ತದೆ. ಟೆಸ್ಟರಿನ ಸೂಕ್ಷ್ಮವಾದ ದೀಪ ಆ ಸುಳ್ಳು ಕರೆಂಟಿಗೂ ಹೊತ್ತಿಕೊಳ್ಳುತ್ತದೆ. 60 ವ್ಯಾಟಿನ ಬಲ್ಬನ್ನು ಹಾಗೆ ವಂಚಿಸಲಾಗದು. ಅದು ಪೂರ್ತಿ ಹೊತ್ತಿದರೆ ಅಲ್ಲಿರುವುದು ನಿಜವಾದ ಫೇಸು.

ಕೋಣೆಯ ಸ್ವಿಚ್ಚನ್ನು ಆರಿಸಿ, ಸೂರಿನ ಬಲ್ಬನ್ನು ಕಳಚಿ, ಹೋಲ್ಡರಿನ ಒಂದು ಪಿನ್ನಿಗೆ ಟೆಸ್ಟರು ಮುಟ್ಟಿಸಿದರು. ಅದು ಹೊಳೆಯಿತು. ಪಕ್ಕದ ಕೋಣೆಯಿಂದ ನ್ಯೂಟ್ರಲನ್ನು ಎಳೆದು ತಂದು, ಅದಕ್ಕೂ ಆ ಪಿನ್ನಿಗೂ ನಡುವೆ ತಮ್ಮ ಪರೀಕ್ಷೆಯ ಬಲ್ಬನ್ನು ಹಿಡಿದರು. ಅದು ಹಬ್ಬದ ದೀಪದಂತೆ ಝಗ್ಗನೆ ಬೆಳಗಿತು.

ಎಲೆಕ್ಟ್ರಿಷಿಯನ್ನರ ಮುಖ ಗಂಭೀರವಾಯಿತು. “ಸ್ವಿಚ್ಚು ಆರಿಸಿದೆ ತಾನೆ, ಸಾರ್?”

“ಆರಿಸಿದೆ.”

“ಆದರೂ ಹೋಲ್ಡರಿನಲ್ಲಿ 230 ವೋಲ್ಟು ಕೂತಿದೆ. ಈ ಸ್ವಿಚ್ಚು ಫೇಸನ್ನು ಕಡಿಯುತ್ತಿಲ್ಲ, ನ್ಯೂಟ್ರಲನ್ನು ಕಡಿಯುತ್ತಿದೆ.”

ಈ ಮಾತಿನ ಅರ್ಥವನ್ನು ಗೃಹಸ್ಥರೆಲ್ಲರೂ ತಿಳಿದಿರತಕ್ಕದ್ದು. ವಿದ್ಯುತ್ತು ಫೇಸ್ ತಂತಿಯಿಂದ ಬಂದು, ದೀಪದ ಮೂಲಕ ಹಾದು, ನ್ಯೂಟ್ರಲ್ ತಂತಿಯಿಂದ ಹಿಂದಿರುಗುತ್ತದೆ. ಇವೆರಡರಲ್ಲಿ ಯಾವುದನ್ನು ಕಡಿದರೂ ದೀಪವೇನೋ ಆರುತ್ತದೆ. ಫೇಸನ್ನು ಕಡಿದರೆ ದೀಪ ಆರುವುದರ ಜೊತೆಗೆ ಹೋಲ್ಡರೂ ನಿರ್ಜೀವವಾಗುತ್ತದೆ. ನ್ಯೂಟ್ರಲನ್ನು ಕಡಿದರೆ ದೀಪ ಆರಿದಂತೆ ಕಾಣುತ್ತದೆ. ಹೋಲ್ಡರು ಮಾತ್ರ ಹೆಡೆಯೆತ್ತಿಕೊಂಡೇ ಇರುತ್ತದೆ. ಆದುದರಿಂದ ಸ್ವಿಚ್ಚು ಸದಾ ಫೇಸಿನ ದಾರಿಯಲ್ಲಿಯೇ ಇರಬೇಕು. ಈ ಮನೆಯಲ್ಲಿ ಹಿಂದೆ ಎಂದೋ ಹಿತ್ತಿಲ ಕಡೆ ಕಟ್ಟಡ ಬೆಳೆಸಿದಾಗ, ಆ ಕೋಣೆಯ ಬೋರ್ಡಿಗೆ ಹೋಗುವ ಎರಡು ತಂತಿಗಳು ಅದಲುಬದಲಾಗಿದ್ದವು. ಎರಡೂ ಒಂದೇ ಕಪ್ಪು ಬಣ್ಣದವು. ದೀಪ ಹೊತ್ತಿತು, ಫ್ಯಾನು ತಿರುಗಿತು, ಕೆಲಸ ಮುಗಿಯಿತೆಂದು ಎಲ್ಲರೂ ಸುಮ್ಮನಾದರು.

ಬಲ್ಬು ಮಿಣುಕುತ್ತಿದ್ದುದು ಏಕೆಂಬುದು ಈಗ ಸ್ಪಷ್ಟವಾಯಿತು. ಬಲ್ಬಿನ ಒಂದು ಕಾಲಿಗೆ ಫೇಸು ಹಗಲಿರುಳೂ ತಾಗಿಯೇ ಇತ್ತು. ಇನ್ನೊಂದು ಕಾಲಿನಿಂದ ಸ್ವಿಚ್ಚಿಗೆ ಇಳಿದ ತಂತಿ ಬಚ್ಚಲಿನ ಹಿಂಬದಿಯ ಗೋಡೆಯೊಳಗೆ ಹಾದುಹೋಗಿತ್ತು. ಗೋಡೆ ತೇವ, ತಂತಿಯ ಹೊದಿಕೆ ಹಳತು. ಆ ತೇವದ ಮೂಲಕ ಒಂದಿಷ್ಟು ಕರೆಂಟು ಭೂಮಿಗೆ ಜಿನುಗುತ್ತಿತ್ತು. ಹೋಗುವ ದಾರಿಯಲ್ಲಿ ಬಲ್ಬಿನ ಚೊಂಬನ್ನು ತುಂಬಿಸುತ್ತಿತ್ತು.

ಸೊಸೆ ಆಗ ಗೋಡೆಗೆ ಒರಗಿ ನಿಂತರು. ಪ್ರತಿ ವರ್ಷ ನವರಾತ್ರಿಗೆ ಮುಂಚೆ ಮನೆಯನ್ನೆಲ್ಲ ತೊಳೆಯುವಾಗ, ಅವರು ಸ್ವಿಚ್ಚನ್ನು ಆರಿಸಿ, ಕಬ್ಬಿಣದ ಸ್ಟೂಲಿನ ಮೇಲೆ ನಿಂತು, ಬಲ್ಬು ಕಳಚಿ, ಹೋಲ್ಡರಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಹಬ್ಬಕ್ಕೆ ಇನ್ನು ಹತ್ತು ದಿನವಿತ್ತು. ಇಷ್ಟು ವರ್ಷ ಕಾಪಾಡಿದ್ದು ಏನೋ, ಈ ವರ್ಷ ಏನಾಗುತ್ತಿತ್ತೋ! ಅವರು ಒಂದೂ ಮಾತಾಡದೆ ಅತ್ತೆಯ ಕಡೆ ನೋಡಿದರು. ಅಜ್ಜಿಗೆ ಫೇಸು, ನ್ಯೂಟ್ರಲುಗಳ ಶಾಸ್ತ್ರ ತಿಳಿಯದಿದ್ದರೂ ಆ ನೋಟ ತಿಳಿಯಿತು. “ಬಾಮ್ಮ, ಅವರಿಗೆ ಕಾಫಿ ಮಾಡು,” ಎಂದರು.

ಮೇನ್ ಸ್ವಿಚ್ಚನ್ನು ಆರಿಸಿ, ಜಂಕ್ಷನ್ ಪೆಟ್ಟಿಗೆಯಲ್ಲಿ ಎರಡು ತಂತಿಗಳನ್ನು ಅದಲುಬದಲು ಮಾಡುವುದು ಕಾಲು ಗಂಟೆಯ ಕೆಲಸವಾಯಿತು. ಮಿಣುಕು ಆ ರಾತ್ರಿಯೇ ನಿಂತಿತು. ಏಕೆಂದರೆ ಈಗ ಬಲ್ಬಿಗೆ ತಾಗಿಕೊಂಡಿರುವುದು ನ್ಯೂಟ್ರಲ್. ಅದಕ್ಕೂ ಭೂಮಿಗೂ ನಡುವೆ ಕರೆಂಟನ್ನು ತಳ್ಳುವಷ್ಟು ವ್ಯತ್ಯಾಸವಿಲ್ಲ. ಆದರೂ ಎಲೆಕ್ಟ್ರಿಷಿಯನ್ನರು ತೇವದ ಗೋಡೆಯ ತಂತಿಯನ್ನು ಬದಲಾಯಿಸುವಂತೆಯೂ, ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ರಕ್ಷಕವನ್ನು ಹಾಕಿಸುವಂತೆಯೂ ಹೇಳಿಯೇ ಹೋದರು. ಹೋದ ಕರೆಂಟು ಪೂರ್ತಿ ಹಿಂದಿರುಗದೆ ಬೇರೆ ದಾರಿ ಹಿಡಿದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿದುಬಿಡುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದನ್ನು ಹಾಕುತ್ತಾರೆ. ಬಲ್ಬನ್ನು ಮಿಣುಕಿಸುವ ಸೋರಿಕೆ ಅದಕ್ಕಿಂತ ಬಹಳ ಕಡಿಮೆಯಾದುದರಿಂದ, ಆರ್‌ಸಿಸಿಬಿ ಇರುವ ಮನೆಯಲ್ಲಿಯೂ ಮಿಣುಕು ಕಾಣಿಸಿಕೊಳ್ಳಬಹುದು.

ಎಲ್ಲ ಮನೆಯ ಮಿಣುಕೂ ಇಂಥ ಗಂಡಾಂತರದ್ದಲ್ಲ. ಬಹುಪಾಲು ಸಂದರ್ಭಗಳಲ್ಲಿ ಕಾರಣ ನಿರಪಾಯವಾದುದೇ. ಸ್ವಿಚ್ಚಿನೊಳಗೆ ನಿಯಾನ್ ದೀಪವಿದ್ದರೆ, ಅದಿಲ್ಲದ ಸ್ವಿಚ್ಚನ್ನು ಹಾಕಿಸಿದರೆ ಸಾಕು. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ಚಿರುತ್ತದೆ; ಅಲ್ಲಿ ಉದ್ದನೆಯ ತಂತಿಗಳು ಒಂದಕ್ಕೊಂದು ಅಂಟಿಕೊಂಡೇ ಓಡುವುದರಿಂದ, ಪಕ್ಕದ ತಂತಿಯಿಂದ ಎರವಲು ಬಂದ ಕರೆಂಟೇ ಬಲ್ಬನ್ನು ಮಿಣುಕಿಸುತ್ತದೆ. ಅಂಥ ಕಡೆ ಬಲ್ಬಿಗೆ ಸಮಾನಾಂತರವಾಗಿ 0.1 ಮೈಕ್ರೋಫ್ಯಾರಡಿನ ಒಂದು ಕೆಪ್ಯಾಸಿಟರನ್ನು ಜೋಡಿಸಿದರೆ, ಸೋರಿ ಬಂದದ್ದು ಬಲ್ಬಿಗೆ ಹೋಗದೆ ಅದರ ಮೂಲಕ ಹಾದುಹೋಗುತ್ತದೆ. ಅದು 275 ವೋಲ್ಟ್ ಎಸಿಗೆ ತಕ್ಕದ್ದೆಂದೂ ಎಕ್ಸ್2 ದರ್ಜೆಯದೆಂದೂ ನಮೂದಾಗಿರಬೇಕು. ಅಗ್ಗದ ಬೇರೆ ಬಗೆಯದನ್ನು ಹಾಕಿದರೆ ಬೆಂಕಿಯ ಭಯ. ಒಂದೇ ಸ್ವಿಚ್ಚಿಗೆ ಮೂರು ನಾಲ್ಕು ಬಲ್ಬುಗಳಿದ್ದರೆ ಅವುಗಳಲ್ಲಿ ಒಂದನ್ನು ಹಳೆಯ ತಂತಿಯ ಬಲ್ಬಾಗಿಸಿದರೂ ಉಳಿದವುಗಳ ಮಿಣುಕು ನಿಲ್ಲುತ್ತದೆ.

ಬಿಲ್ಲಿನ ಚಿಂತೆಯವರು ನಿಶ್ಚಿಂತರಾಗಬಹುದು. ಅರ್ಧ ಮಿಲಿಆಂಪಿಯರ್ ಕರೆಂಟು ತಿಂಗಳೆಲ್ಲ ಎಡೆಬಿಡದೆ ಸೋರಿದರೂ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲೂ ಆಗದು. ಶಾಂತಿಹೋಮದವರೂ ಹೋಮಕ್ಕೆ ಮುಂಚೆ ಎಲೆಕ್ಟ್ರಿಷಿಯನ್ನನನ್ನು ಕರೆಸುವುದು ಲೇಸು. ಬಲ್ಬನ್ನು ಬೇರೆ ಕೋಣೆಯಲ್ಲಿ ಹಾಕಿ ನೋಡುವುದು, ಸ್ವಿಚ್ಚಿನಲ್ಲಿ ನಿಯಾನ್ ಇದೆಯೇ ಎಂದು ನೋಡುವುದು, ಮಳೆಗಾಲದಲ್ಲಿ ಮಿಣುಕು ಹೆಚ್ಚುತ್ತದೆಯೇ ಎಂದು ಗಮನಿಸುವುದು, ಇಷ್ಟನ್ನು ಮನೆಯವರೇ ಮಾಡಬಹುದು. ಬೋರ್ಡು ಬಿಚ್ಚುವುದು, ತಂತಿ ಮುಟ್ಟುವುದು ಬಲ್ಲವರ ಕೆಲಸ. ಬಲ್ಬು ಬದಲಾಯಿಸುವಾಗ ಕೋಣೆಯ ಸ್ವಿಚ್ಚನ್ನಷ್ಟೇ ನೆಚ್ಚದೆ ಮೇನನ್ನೂ ಆರಿಸುವುದು ಜಾಣತನ. ಸ್ವಿಚ್ಚು ಕಡಿಯುತ್ತಿರುವುದು ಫೇಸನ್ನೋ ನ್ಯೂಟ್ರಲನ್ನೋ ಎಂಬುದು ಹೊರಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ.

ಇನ್ನೊಂದು ಮಾತು. ಈ ಮಿಣುಕು ಹಗಲಿನಲ್ಲಿ ಕಾಣುವುದಿಲ್ಲ. ದೀಪ ಆರಿಸಿದೊಡನೆ ನಿದ್ರೆ ಹೋಗುವ ಭಾಗ್ಯವಂತರಿಗೂ ಕಾಣುವುದಿಲ್ಲ. ಅದು ಕಾಣುವುದು ನಡುರಾತ್ರಿಯಲ್ಲಿ ಎಚ್ಚರವಿರುವವರಿಗೆ: ವೃದ್ಧರಿಗೆ, ರೋಗಿಗಳಿಗೆ, ಹಸುಗೂಸಿನ ತಾಯಂದಿರಿಗೆ. ಅವರು ಬೆಳಿಗ್ಗೆ ಬಂದು ಹೇಳುವ ಮಾತು ಬಿಸಿಲಿನಲ್ಲಿ ನಿಂತು ಕೇಳುವವರಿಗೆ ಅಸಂಬದ್ಧವಾಗಿ ತೋರುವುದು ಸಹಜ. ಆದರೂ ಒಂದು ರಾತ್ರಿ ಅವರ ಪಕ್ಕದಲ್ಲಿ ಎಚ್ಚರವಾಗಿ ಕುಳಿತು, ಒಂಬತ್ತರ ತನಕ ಎಣಿಸಿ ನೋಡುವುದಕ್ಕೆ ಖರ್ಚೇನೂ ಆಗುವುದಿಲ್ಲ.